ನಾನು ತಿದ್ದಿದ ಉಪದೇಶ

ನಮ್ಮ ಸಭೆಗೆ ಹೊರಗಿನಿಂದ ಯಾರಾದರೂ ಇಂಗ್ಲಿಷ್ ಪ್ರಸಂಗಿಗಳು ಬಂದರೆ ಅವರ ಬಾಜು ನಿಂತು ಕನ್ನಡ ಮಾಡುವವಳು ನಾನು. ಮಾಡುತ್ತಿದ್ದವಳು ಎನ್ನಬೇಕು. ಶಲವಡಿಯಿಂದ ಸ್ವಲ್ಪ ಆಚೆ, ಎರೆಹೊಲಗಳ ನಡುವಿನ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳೆಂದರೆ ಒಂದು ಓಣಿಯಷ್ಟು, ಓಣಿಯ ತುದಿಗೆ ಒಂದು ಹಂಚಿನ ಚರ್ಚು. ನಾವು ಅಯ್ಯಾರು ಎಂದು ಕರೆಯುವ ಸಭಾಪಾಲಕರಿಗೆ ಇಂಥ ಊರುಗಳು ಹಲವು. ತಿಂಗಳಲ್ಲಿ ಒಂದೆರಡು ಭಾನುವಾರ ನಮಗೆ ಸಿಕ್ಕರೆ ಹೆಚ್ಚು. ಉಳಿದ ಭಾನುವಾರ ಹಿರಿಯರು ವಚನ ಓದುತ್ತಾರೆ, ನಾವು ಹಾಡುತ್ತೇವೆ, ಮನೆಗೆ ಹೋಗಿ ರೊಟ್ಟಿ ಬಡಿಯುತ್ತೇವೆ.

ನಾನು ಕಲಿತದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದುಕೊಂಡು. ನಾವು ಪ್ರೊಟೆಸ್ಟೆಂಟರು, ಸಿಸ್ಟರುಗಳು ಕ್ಯಾಥೊಲಿಕರು. ಜಪಸರದ ಹೊತ್ತಿಗೆ ನನ್ನನ್ನು ಹೊರಗಿನ ವರಾಂಡದಲ್ಲಿ ಕೂರಿಸಿ ಹೊಲಿಗೆ ಕೊಡುತ್ತಿದ್ದರು. ಇಂಗ್ಲಿಷ್ ಮಾತ್ರ ಯಾವ ಭೇದವೂ ಇಲ್ಲದೆ ತುಂಬಿ ತುಂಬಿ ಕೊಟ್ಟರು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಪ್ರೆಸಿ ಬರೆಯುವುದು. ದೊಡ್ಡದೊಂದು ಗದ್ಯ ಕೊಟ್ಟು, ಸಾರ ಕೆಡದಂತೆ ಚಿಕ್ಕದು ಮಾಡು ಅನ್ನುತ್ತಿದ್ದರು. ಬರೆದವನು ಒರಟಾಗಿ ಬರೆದಿದ್ದರೆ ನೀನು ನಯವಾಗಿ ಬರೆ, ಅವನ ಮನಸ್ಸಿನಲ್ಲಿ ಇದ್ದಿರಬಹುದಾದ ಒಳ್ಳೆಯದನ್ನು ಹುಡುಕು, ಉಳಿದದ್ದನ್ನು ಬಿಡು ಎನ್ನುವುದು ನಮ್ಮ ಸಿಸ್ಟರ್ ಪಾಠ. ಅದನ್ನು ನಾನು ಪ್ರೆಸಿಗಷ್ಟೇ ಇಟ್ಟುಕೊಳ್ಳಲಿಲ್ಲ. ಅತ್ತೆಯ ಮಾತನ್ನು ಗಂಡನಿಗೆ, ಗಂಡನ ಮಾತನ್ನು ಅತ್ತೆಗೆ ಹಾಗೆಯೇ ಮುಟ್ಟಿಸಿ ಸಂಸಾರ ಮಾಡಿದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಊರಿಗೆಲ್ಲ ನಾನು ಅಕ್ಕೋರು.

ಆ ಪ್ರಸಂಗಿ ನಮ್ಮಲ್ಲಿಗೆ ಬಂದದ್ದು ಮೊಬೈಲಿನ ಮೂಲಕ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ನಮ್ಮ ಸಭೆಯ ದೊಡ್ಡ ಹಿರಿಯರಿಗೆ ಅವರ ಮಗ ಒಂದು ವಿಡಿಯೋ ತೋರಿಸಿದ. ಅದರಲ್ಲಿ ಬೇರೆ ರಾಜ್ಯದ ಒಬ್ಬರು ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡುತ್ತ ಅಳುತ್ತಿದ್ದರು. ಭಾಷೆ ತಿಳಿಯದಿದ್ದರೂ ಹಿರಿಯರಿಗೆ ಆ ಅಳು ತಾಗಿತು. "ನಮ್ಮಾಗ ಹಿಂಗ ಅಳಾವ್ರು ಯಾರ ಅದಾರ್ರಿ ಈಗ? ಅಯ್ಯಾರು ಗಡಿಯಾರ ನೋಡಿ ಪ್ರಾರ್ಥನಿ ಮಾಡ್ತಾರ" ಎಂದರು. ಹುಬ್ಬಳ್ಳಿಗೆ ಅವರು ಬಂದಾಗ ಒಂದು ಸಂಜೆ ನಮ್ಮೂರಿಗೂ ಕರೆಸಿದರು.

ಕೆಟ್ಟ ಮನುಷ್ಯ ಎನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಮೆತ್ತಗಿನ ದನಿ, ಇಸ್ತ್ರಿಯ ಬಿಳಿ ಅಂಗಿ. ನಮ್ಮ ಖಡಕ್ ರೊಟ್ಟಿಯನ್ನು ಮುರಿಯಲು ಬಾರದೆ ನಕ್ಕರು. ತಾವು ಹೇಳುವುದನ್ನು ತಾವೇ ನಂಬಿದ್ದರು ಅಂತಲೇ ನನಗೆ ಕಾಣುತ್ತದೆ, ಮತ್ತು ಅದೇ ಕಷ್ಟದ್ದು.

ಚರ್ಚಿನ ಅಂಗಳದಲ್ಲಿ ಸ್ಪೀಕರ್ ಕಟ್ಟಿದ್ದರು. ನಮ್ಮವರು ಒಳಗೆ ಜಮಖಾನೆಯ ಮೇಲೆ. ಓಣಿಯ ಬೇರೆ ಮನೆಗಳವರು ಹೊರಗೆ ಕಟ್ಟೆಯ ಮೇಲೆ. ಕಟ್ಟೆಯ ಮೇಲೆ ನಮ್ಮ ಹಿತ್ತಲ ಗೋಡೆಯಾಚೆಯ ಲಿಂಗಾಯತ ಮನೆಯ ಹೆಣ್ಣುಮಗಳೂ ಕೂತಿದ್ದಳು, ಮಡಿಲಲ್ಲಿ ಮೊಮ್ಮಗನನ್ನು ಹಾಕಿಕೊಂಡು. ಅವಳ ಮುಖ ನನಗೆ ಕಿಟಕಿಯಿಂದ ನೇರ ಕಾಣುತ್ತಿತ್ತು.

ವಿಷಯ ಪಶ್ಚಾತ್ತಾಪ. ಮೊದಲ ಸ್ವಲ್ಪ ಹೊತ್ತು ನಾನು ಇದ್ದದ್ದನ್ನು ಇದ್ದ ಹಾಗೆ ಕನ್ನಡ ಮಾಡಿದೆ. ಆಮೇಲೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇದು: ಕಾರಣವಿಲ್ಲದೆ ಯಾವ ಮನೆಗೂ ದುಃಖ ಬರುವುದಿಲ್ಲ, ಮುಚ್ಚಿದ ಗರ್ಭದ ಹಿಂದೆ ಮುಚ್ಚಿಟ್ಟ ಪಾಪ ಇದ್ದೇ ಇದೆ. ನನ್ನ ಬಾಯಿಂದ ಹೊರಬಿದ್ದದ್ದು: "ದುಃಖ ಬಂದಾಗ ನಮ್ಮ ಮನಸ್ಸನ್ನು ನಾವೇ ಪರೀಕ್ಷಿಸಿಕೊಳ್ಳೋಣ, ಮುಚ್ಚಿಟ್ಟದ್ದನ್ನು ದೇವರ ಮುಂದೆ ತೆರೆಯೋಣ." ಯೇಸುವಿನ ಕ್ಷಮೆ ಬಾಗಿಲ ತನಕ ಬಂದು ನಿಂತಿರುತ್ತದೆ, ನೀವು ನನ್ನ ಮುಂದೆ ಬಾಯಿಬಿಟ್ಟು ಹೇಳಿದ ಮೇಲೆಯೇ ಒಳಗೆ ಬರುತ್ತದೆ ಎಂದರು. ನಾನು, "ಕ್ಷಮೆ ನಮ್ಮ ಬಾಗಿಲಲ್ಲೇ ನಿಂತಿದೆ, ತೆರೆದರೆ ಸಾಕು" ಎಂದೆ. ನಿಮ್ಮ ನೆರೆಯವರ ದೇವರುಗಳು ನಿಮ್ಮ ಮನೆಯೊಳಗೆ ಇನ್ನೂ ಬಾಡಿಗೆ ವಸೂಲು ಮಾಡುತ್ತಿವೆ ಎಂದು ಅವರು ಕೈ ಎತ್ತಿ ಹೇಳಿದಾಗ, ಕಿಟಕಿಯಾಚೆ ಆ ಹೆಣ್ಣುಮಗಳು ಮೊಮ್ಮಗನ ಮೂಗು ಒರೆಸುತ್ತ ನನ್ನ ಕನ್ನಡಕ್ಕಾಗಿ ಕಾಯುತ್ತಿದ್ದಳು. "ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕು" ಎಂದುಬಿಟ್ಟೆ. ಎಲ್ಲಿಂದ ಎಲ್ಲಿಗೆ!

ಆ ಕ್ಷಣಕ್ಕೆ ಅದು ಒಳ್ಳೆಯ ಮ್ಯಾನರ್ಸ್ ಅನ್ನಿಸಿತ್ತು. ಅತಿಥಿಗೂ ಅವಮಾನವಾಗಲಿಲ್ಲ, ನೆರೆಯವರಿಗೂ ನೋವಾಗಲಿಲ್ಲ. ನನ್ನೊಳಗಿನ ಮತ್ತೊಂದು ಖುಷಿಯನ್ನೂ ಬಚ್ಚಿಡಲಾರೆ: ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ.

ನಮ್ಮ ಸಭೆಯಲ್ಲಿ ಮಿಶನ್ ಕಾಲದಿಂದ ಬಂದ ಒಂದು ರೂಢಿಯಿದೆ, ಉಪದೇಶ ತೂಗುವುದು. ಹೊರಗಿನ ಪ್ರಸಂಗಿ ಹೋದ ಮೇಲೆ ಹಿರಿಯರು ಚರ್ಚಿನ ಮೆಟ್ಟಿಲ ಮೇಲೆ ಕೂತು, ಕೇಳಿದ್ದು ವಚನಕ್ಕೆ ಸರಿಯಿದೆಯೋ ಇಲ್ಲವೋ ಎಂದು ಒಂದೊಂದೇ ಮಾತು ಎತ್ತಿ ನೋಡುತ್ತಾರೆ. ಸರಿ ಕಂಡರೆ ಮಾತ್ರ ಮತ್ತೆ ಕರೆಯುವುದು. ಸುಳ್ಳು ಬೋಧನೆಯಿಂದ ಮಂದೆಯನ್ನು ಕಾಯುವುದಕ್ಕೆ ಅದೊಂದೇ ಬೇಲಿ ನಮಗಿದ್ದದ್ದು. ಆ ಸಂಜೆಯೂ ತೂಗಿದರು.

"ಸ್ವಸ್ಥ ಬೋಧನಿ ಐತ್ರಿ. ಎಲ್ಲೂ ಕಲಬೆರಕಿ ಕಾಣಲಿಲ್ಲ," ಎಂದರು ಒಬ್ಬರು.

"ಬಾಗಲದಾಗ ಕ್ಷಮಾ ನಿಂತೈತಿ ಅಂದ್ರಲ್ಲ, ಅದು ಭಾಳ ಹಿಡಿಸ್ತು," ಎಂದರು ಇನ್ನೊಬ್ಬರು.

ದೊಡ್ಡ ಹಿರಿಯರು ನನ್ನ ಕಡೆ ತಿರುಗಿದರು. "ಅಕ್ಕೋರ, ನೀವು ಇಂಗ್ಲಿಷ್ ಬಲ್ಲಾಕಿ. ಏನರ ಡೌಟ್ ಐತೇನ್ರಿ?"

"ಸ್ವಲ್ಪ ಒರಟು ಮಾತಾಡ್ತಾರ," ಎಂದೆ.

"ಒರಟಾ? ನಮಗೇನ ಹಂಗ ಅನಸಲಿಲ್ಲ ಬಿಡ್ರಿ. ಸಕ್ರಿ ಹಂಗ ಇತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿ, ಆ ಮೆಟ್ಟಿಲ ಮೇಲೆ, ಒಂದು ಮಾತು ಸಾಕಿತ್ತು. ಅವರು ತೂಗಿದ್ದು ನನ್ನ ಮಾತನ್ನು, ಮುದ್ರೆ ಒತ್ತಿದ್ದು ಪ್ರಸಂಗಿಯ ಹೆಸರಿಗೆ. ಮತ್ತೆ ಬರಲಿ, ಈ ಸಲ ಮೂರು ದಿನದ ಕೂಟ ಇಡೋಣ ಎಂದು ಗೊತ್ತಾಯಿತು. ಮನೆಗೆ ಬರುವಾಗ ಕಟ್ಟೆಯ ಮೇಲಿಂದ ನೆರೆಯವಳು ಕೂಗಿ ಹೇಳಿದಳು: "ಅಕ್ಕೋರ, ನಿಮ್ಮ ಸ್ವಾಮಿಗೋಳು ಚಲೋ ಹೇಳಿದ್ರು. ನಮ್ಮ ಮಠದಾಗೂ ಹಿಂಗ ಹೇಳ್ತಾರ."

ಈಗ ನನ್ನ ನೆಗೆಣ್ಣಿಯ ಮಾತು ಹೇಳಬೇಕು. ನನ್ನ ಮೈದುನನ ಹೆಂಡತಿ. ಗಂಡಂದಿರಿಬ್ಬರೂ ತೀರಿಕೊಂಡ ಮೇಲೆ ನಾವು ಒಂದೇ ಮನೆಯ ಎರಡು ಭಾಗದಲ್ಲಿ, ಒಂದೇ ಒಲೆಯ ಮೇಲೆ ಇದ್ದೇವೆ. ಅವಳಿಗೊಬ್ಬಳೇ ಮಗಳು. ಕಲಘಟಗಿ ಕಡೆ ಕೊಟ್ಟಿದೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಧಾರವಾಡದ ಡಾಕ್ಟರು ಇಬ್ಬರಲ್ಲೂ ದೋಷವಿಲ್ಲ, ತಾಳಿರಿ ಎಂದಿದ್ದರು. ತಾಳುವುದು ಡಾಕ್ಟರಿಗೆ ಸುಲಭ.

ನೆಗೆಣ್ಣಿ ಮತ್ತು ಗೋಡೆಯಾಚೆಯವಳು ಒಂದೇ ಸುಗ್ಗಿಯಲ್ಲಿ ಈ ಓಣಿಗೆ ಸೊಸೆಯರಾಗಿ ಬಂದವರು. ಅವಳು ಬೆಳಿಗ್ಗೆ ಲಿಂಗಪೂಜೆಯಾಗದೆ ನೀರು ಮುಟ್ಟುವವಳಲ್ಲ. ಇವಳು ಪ್ರಾರ್ಥನೆಯಾಗದೆ ಒಲೆ ಹೊತ್ತಿಸುವವಳಲ್ಲ. ಎರಡೂ ಮುಗಿದ ಮೇಲೆ ಇಬ್ಬರ ಬಾಯಿಯೂ ಆ ಮೋಟು ಗೋಡೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು.

"ಏ ಯೇಸಪ್ಪನ ಮಗಳ, ನಿಮ್ಮ ದೇವರಿಗಿ ಒಂದ ಮಾತ ಹೇಳ ಬೇ. ನನ್ನ ಎಮ್ಮಿ ಹಾಲ ಕೊಡವಲ್ದು."

"ನಿಮ್ಮ ಬಸವಣ್ಣ ಎಲ್ಲಿ ಹೋಗ್ಯಾನ? ಬರೇ ಎತ್ತಿಂದ ಅಷ್ಟ ನೋಡ್ತಾನೇನು?"

"ಅಂವಗ ಎತ್ತ ಕಾಯೂದ ಸಾಕಾಗೇತಿ. ನಿಮ್ಮಾಂವ ಕುರಿ ಕಾಯಾಂವಲ್ಲ, ಎಮ್ಮಿನೂ ಸೇರಿಸ್ಕೊಳ್ಳಲಿ ತಗಿ."

ನಗು, ಶೇಂಗಾ ಹಿಂಡಿ, ಕೆಂಪು ಚಟ್ನಿ, ಬಿಸಿ ರೊಟ್ಟಿ, ಎಲ್ಲವೂ ಆ ಗೋಡೆ ದಾಟುತ್ತಿದ್ದವು.

ನೆಗೆಣ್ಣಿಯ ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಉಡಿ ತುಂಬಿದವಳೂ ಗೋಡೆಯಾಚೆಯವಳೇ. ನಮ್ಮ ಕಡೆ ಹೆಣ್ಣುಮಗಳು ತವರು ಬಿಡುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಒಂದು ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ಹಾಕಿ ಕಳಿಸುತ್ತಾರೆ. ಕ್ರೈಸ್ತರಿಗೂ ಇದುಂಟು, ಕುಂಕುಮವನ್ನು ಮಾತ್ರ ಕೊಡುವವರೇ ನೆನಪಿಟ್ಟು ಬಿಡುತ್ತಾರೆ. ಅವಳು ತನ್ನ ದೇವರ ಮುಂದಿಟ್ಟು ತಂದದ್ದು ಗುಳೇದಗುಡ್ಡದ ರೇಷ್ಮೆ ಖಣ, ನವಿಲುಗಣ್ಣಿನ ಬಣ್ಣದ್ದು. ಹುಡುಗಿ ಅದನ್ನು ಕುಬಸ ಹೊಲಿಸಲಿಲ್ಲ. "ನನ್ನ ಮೊದಲ ಕೂಸಿಗಿ ಕುಂಚಿಗಿ ಹೊಲಸ್ತೀನಿ, ಇಟ್ಟಿರ ಯವ್ವಾ" ಎಂದು ತಾಯಿಯ ಟ್ರಂಕಿನಲ್ಲಿ ಬಿಟ್ಟು ಹೋದಳು. ಎಳೆಗೂಸಿನ ತಲೆಯ ಮೇಲಿಂದ ಬೆನ್ನ ತನಕ ಇಳಿಬೀಳುವ ಟೋಪಿ, ಅದೇ ಕುಂಚಿಗಿ.

ಮೂರು ದಿನದ ಕೂಟ ಬಂದಾಗ ನಾನು ಊರಲ್ಲಿರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಅಕ್ಕನಿಗೆ ಸೊಂಟದ ಆಪರೇಷನ್. ಅವಳ ಬಾಜು ಕೂರಲು ಹೋಗಿದ್ದೆ. ಪ್ರಸಂಗಿ ಈ ಸಲ ತಮ್ಮದೇ ಇಂಟರ್‌ಪ್ರೆಟರನ್ನು ಕರೆತಂದಿದ್ದರಂತೆ. ಚುರುಕಾದ ಯುವಕ, ಒಂದಕ್ಷರ ಬಿಡದವನು.

ತಿರುಗಿ ಬಂದಾಗ ಹಿತ್ತಲಲ್ಲಿ ಸದ್ದೇ ಇರಲಿಲ್ಲ. ನೆಗೆಣ್ಣಿ ಭಾಂಡೆ ತಿಕ್ಕುತ್ತಿದ್ದಳು. ಆಚೆ ಕಡೆ ಅವಳೂ ತಿಕ್ಕುತ್ತಿರುವ ಸಪ್ಪಳ ಕೇಳುತ್ತಿತ್ತು. ಎರಡು ಕಡೆಯಿಂದಲೂ ಬರೇ ತಾಟಿನ ಸಪ್ಪಳ.

"ಜಗಳಾಡಿದ್ರೇನು?" ಎಂದೆ.

ಅವಳು ಕೈ ತೊಳೆದುಕೊಂಡು ಒಳಗೆ ಬಂದು ಕೂತಳು. ಮುಖದಲ್ಲಿ ಒಂಥರಾ ಬೆಳಕಿತ್ತು, ಅತ್ತು ಮುಗಿಸಿದವರ ಬೆಳಕು. "ಇಲ್ಲಕ್ಕಾ. ನಾ ಶುದ್ಧ ಆಗೀನಿ," ಎಂದಳು.

ಕೂಟದ ಎರಡನೆಯ ದಿನ ಪ್ರಸಂಗಿ ಕೇಳಿದರಂತೆ, ಈ ಸಭೆಯಲ್ಲಿ ಮಗಳ ಮಡಿಲು ಬರಿದಾಗಿರುವ ತಾಯಿ ಒಬ್ಬಳಿದ್ದಾಳೆ, ಆ ಮಡಿಲಲ್ಲಿ ಬೇರೆ ದೇವರ ಮನೆಯಿಂದ ಏನು ಬಿದ್ದಿದೆ ಹೇಳಲಿ ಎಂದು.

"ನನಗ ಆ ಉಡಿ ನೆನಪಾತು. ಎದ್ದ ನಿಂತೆ. ಎಲ್ಲಾರ ಮುಂದ ಹೇಳಿದೆ. ವಿಗ್ರಹದ ಮುಂದ ಇಟ್ಟ ಬಂದದ್ದನ್ನ ನನ್ನ ಮಗಳ ಸೆರಗಿನ್ಯಾಗ ಹಾಕಿಸ್ಕೊಂಡೆ, ಅದು ನನ್ನ ಪಾಪ ಅಂದೆ."

"ಮುಂದ?"

"ಸುಡ್ರಿ ಅಂದ್ರು. ಖಣ ತಗದು ಹಿತ್ತಲದಾಗ ಸುಟ್ಟೆ. ಆಕಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, 'ಏನ ಸುಡಾಕತ್ತಿ ಬೇ? ರೇಷ್ಮಿ ಸುಟ್ಟ ವಾಸನಿ ಬರಾಕತ್ತೇತಿ' ಅಂದ್ಲು." ಇಲ್ಲಿ ಅವಳ ದನಿ ಸಣ್ಣಗಾಯಿತು. "ಸುಳ್ಳ ಹೇಳಬಾರದಂತ ಖರೇ ಹೇಳಿದೆ. ಆಕಿ, 'ಬಸಿರಾಗ್ಲಿ ಅಂತ ಹಾಕಿದ್ದೆ, ಬ್ಯಾರೇ ಏನೂ ಬೇಡಿದ್ದಿಲ್ಲ' ಅಂದು ಒಳಗ ಹೋದ್ಲು."

"ಇದು ಪಾಪ ಅಂತ ನಿನಗ ಯಾರ ಹೇಳಿದ್ರು?" ಎಂದೆ.

ಅವಳು ನನ್ನನ್ನೇ ನೋಡಿದಳು. "ಅಯ್ಯ, ನೀವ ಹೇಳಿದ್ರಲ್ಲಕ್ಕಾ! ಮುಚ್ಚಿಟ್ಟದ್ದನ್ನ ತೆರೀರಿ ಅಂತ. ಕಳದ ಸಲ ಅವರ ಬಾಜು ನಿಂತ ಹೇಳಿದಾಕಿ ನೀವ. ಮೊದಲ ಸರ್ತಿ ಅವರ ಮಾತ ಅಷ್ಟ ಚಲೋ ಇರದಿದ್ರ ನಾ ಎಲ್ಲಿ ನಂಬ್ತಿದ್ದೆ?"

ಹುಟ್ಟುಕುರುಡನೊಬ್ಬನನ್ನು ತೋರಿಸಿ, ಇದು ಯಾರ ಪಾಪ, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಯೇಸುವನ್ನು ಕೇಳಿದ್ದರು. ಯಾರದೂ ಅಲ್ಲ ಎಂದು ಅವರು ಹೇಳಿದ್ದನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದವಳು ನಾನು. ನನ್ನ ಮನೆಯ ಒಲೆಯ ಮುಂದೆ ಕೂತವಳಿಗೆ ಮಾತ್ರ ಅದನ್ನು ಹೇಳಲಿಲ್ಲ. ಅದನ್ನು ಹೇಳಿದರೆ, ಆ ಸಂಜೆ ಕಿಟಕಿಯ ಬಾಜು ನಿಂತು ನಾನು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು. "ಆಯ್ತು, ಈಗ ಊಟ ಮಾಡೂಣು" ಎಂದೆ.

ಸಭಾಪಾಲಕರು ಬಂದಾಗ ಅವರಿಗೆ ಮಾತ್ರ ಹೇಳಿಕೊಂಡೆ. ಚಿಕ್ಕ ವಯಸ್ಸಿನವರು, ಬೈಕಿನ ಧೂಳನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತಲೇ ಕೇಳಿದರು. ಅವರ ಮುಖ ಕೆಂಪಾಯಿತು.

"ಆಂಟಿ, ಆ ವಿಡಿಯೋ ಎಲ್ಲಾ ನಾ ನೋಡೀನ್ರಿ. ಕೂಟಕ್ಕಿಂತ ಮೊದಲ ಹಿರಿಯರಿಗೆ ಫೋನ್ ಮಾಡಿ, ಇವರ ಬೋಧನೆ ಸರಿ ಇಲ್ಲ, ಕರೀಬ್ಯಾಡ್ರಿ ಅಂದೆ. ಅವರೇನಂದ್ರು ಗೊತ್ತೇನ್ರಿ? ನಮ್ಮ ಕಿವಿಲೇ ಕೇಳೀವಿ ಅಯ್ಯಾರ, ಅಕ್ಕೋರು ಒಂದೊಂದು ಮಾತು ಬಿಡಿಸಿ ಹೇಳ್ಯಾರ, ನಿಮಗ ಹೊಟ್ಟಿಕಿಚ್ಚು ಅಂದ್ರು."

ದೇವರ ಮುಂದೆ ಕ್ಷಮೆ ಬೇಡಿಕೊಂಡಿದ್ದೇನೆ ಎಂದೆ.

"ದೇವರ ಹತ್ತಿರ ಕ್ಷಮೆ ಕೇಳೀರಿ, ಸಿಕ್ಕೈತಿ, ಅದರಾಗ ಸಂಶಯ ಬ್ಯಾಡ್ರಿ," ಎಂದರು. "ಅದಕ್ಕ ಯಾರ ಮುಂದೂ ನಿಂತು ಅಳಬೇಕಂತಿಲ್ಲ. ಆದ್ರ ನಿಮ್ಮ ಬಾಯಿಂದ ತಪ್ಪು ಕೇಳಿದವರಿಗೆ ನಿಮ್ಮ ಬಾಯಿಂದನ ಸರಿ ಕೇಳಸಬೇಕಲ್ರಿ?"

ಸ್ವಸ್ಥ ಬೋಧನೆ ಎಂದರೆ ಇಷ್ಟೇ ಸಣ್ಣದು, ಇಷ್ಟೇ ಭಾರದ್ದು. ನಾನು ಹೂಂ ಎಂದೆ. ಕರ್ತನ ಭೋಜನ ಹತ್ತಿರ ಬರಲಿ, ಆಗ ಹೇಳುತ್ತೇನೆ ಎಂದು ಮುಂದೂಡಿದೆ. ವರ್ಷದಲ್ಲಿ ಕೆಲವೇ ಸಲ ನಮಗೆ ಭೋಜನವಿರುತ್ತದೆ. ಅದರ ಹಿಂದಿನ ಶನಿವಾರ ಸಂಜೆ ಸಿದ್ಧತೆಯ ಆರಾಧನೆ. ಯಾರ ಮೇಲೆ ಯಾರಿಗೆ ಮುನಿಸಿದೆಯೋ ಅವರು ಅಲ್ಲಿ ಎದ್ದು, "ತಪ್ಪಾಗಿದ್ರ ಹೊಟ್ಟಿಗಿ ಹಾಕ್ಕೋರಿ" ಎಂದು ಕೇಳಿ, ಮರುದಿನ ರೊಟ್ಟಿ ದ್ರಾಕ್ಷಾರಸಕ್ಕೆ ಬರಬೇಕು. ಹೇಳುವುದಕ್ಕೆ ಅದೇ ತಕ್ಕ ಸ್ಥಳ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದವರಿಗೆ ತಕ್ಕ ಸ್ಥಳ ಯಾವಾಗಲೂ ಸ್ವಲ್ಪ ಮುಂದೆಯೇ ಇರುತ್ತದೆ.

ನಾನು ಕಾಯುತ್ತಿರುವಾಗಲೇ ಕಲಘಟಗಿಯಿಂದ ಫೋನ್ ಬಂತು. ಹುಡುಗಿ ಬಸುರಿ.

ನೆಗೆಣ್ಣಿ ನೆಲಕ್ಕೆ ಹಣೆಯಿಟ್ಟು ಅತ್ತಳು. ನಾನೂ ಅತ್ತೆ, ನಿಜವಾದ ಖುಷಿಯಿಂದ. ಆದರೆ ಸಂಜೆಯೊಳಗೆ ಓಣಿಯೆಲ್ಲ ಒಂದೇ ಮಾತು: ಖಣ ಸುಟ್ಟಳು, ಕೂಸು ಬಂತು. ದೊಡ್ಡ ಹಿರಿಯರು ಆ ಸುದ್ದಿಯನ್ನು ಪ್ರಸಂಗಿಗೆ ಕಳಿಸಿದರು. ಅಲ್ಲಿಂದ ತಿರುಗಿ ಒಂದು ಚಿಕ್ಕ ವಿಡಿಯೋ ಬಂತು, ನಮ್ಮ ಹಳ್ಳಿಯ ಹೆಸರು ಹೇಳಿ. ಅದನ್ನು ನೋಡಿ ಇನ್ನೆರಡು ಮನೆಗಳವರು ತಮ್ಮ ಟ್ರಂಕು ತೆರೆದು ಏನೇನು ಸುಡಬೇಕೆಂದು ಹುಡುಕತೊಡಗಿದರು. ಗೋಡೆಯಾಚೆಯ ಮನೆಗೆ ಈ ಸುದ್ದಿಯನ್ನು ಯಾರು ಮುಟ್ಟಿಸಿದರೋ ತಿಳಿಯದು. ನಮ್ಮವರಂತೂ ಹೇಳಲಿಲ್ಲ.

ಸಿದ್ಧತೆಯ ಶನಿವಾರ ನಾನು ಎದ್ದು ನಿಂತೆ. ಮೊದಲ ಸಂಜೆ ಆ ಪ್ರಸಂಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು, ನೆನಪಿದ್ದಷ್ಟನ್ನೂ, ಒಂದು ಪದವೂ ನಯ ಮಾಡದೆ ಕನ್ನಡದಲ್ಲಿ ಹೇಳಿದೆ. ಅದರ ಬಾಜು ನಾನು ಹೇಳಿದ್ದನ್ನು ಇಟ್ಟೆ. "ನೀವು ತೂಗಿ ಒಪ್ಪಿದ್ದು ನನ್ನ ಮಾತು. ಅವರದನ್ನು ನೀವು ತೂಗಲೇ ಇಲ್ಲ. ತಪ್ಪು ನನ್ನದು," ಎಂದೆ. ಕೂಸು ದೇವರು ಕೊಟ್ಟದ್ದು, ಯಾವ ಬಟ್ಟೆ ಸುಟ್ಟಿದ್ದಕ್ಕೂ ಕೊಟ್ಟದ್ದಲ್ಲ ಎಂದೂ ಹೇಳಿದೆ.

ಆಮೇಲೆ ದೊಡ್ಡ ಹಿರಿಯರು ಎದ್ದರು. ಸಿಟ್ಟಿಗಿಂತ ನೋವೇ ಇತ್ತು ಅವರ ಮುಖದಲ್ಲಿ.

"ಅಕ್ಕೋರ, ಒಂದ ಮಾತ. ಅವತ್ತ ದೇವರ ಮನ್ಯಾಗ ನಿಂತ ಬ್ಯಾರೇ ಹೇಳಿದ್ರಿ ಅಂತ ನೀವ ಒಪ್ಪಾಕತ್ತೀರಿ. ಇವತ್ತ ಹೇಳೂದು ಖರೇ ಅಂತ ನಾವು ಹೆಂಗ ನಂಬೂದ್ರಿ? ಕೂಸ ಬಂದ ಮ್ಯಾಲ ನಿಮಗ ನೆನಪಾತೇನು?"

ಹಿಂದಿನಿಂದ ಒಬ್ಬ ಹೆಂಗಸು ಪಿಸುಗುಟ್ಟಿದ್ದು ನನಗೆ ಕೇಳಬೇಕೆಂದೇ ಇತ್ತು: "ಇಂಗ್ಲಿಷ್ ನಮಗ ಬರೂದಿಲ್ಲಂತ ಹೆಂಗ ಬೇಕಾದಂಗ ತಿರಗಸ್ತಾರ ನೋಡ ಯವ್ವಾ."

ಸಭಾಪಾಲಕರು ನನ್ನ ಪರವಾಗಿ ಏನೋ ಹೇಳಲು ಹೋದರು. ಆಗಲೇ ಕೆಲವರು ಚಪ್ಪಲಿ ಹುಡುಕುತ್ತಿದ್ದರು. ಅವರಲ್ಲಿ ಮೂರು ಮನೆಯವರು ಈಗ ಭಾನುವಾರ ನವಲಗುಂದಕ್ಕೆ, ಆ ಪ್ರಸಂಗಿಯ ಕಡೆಯವರು ಬಾಡಿಗೆ ಹಿಡಿದ ಹಾಲಿಗೆ ಹೋಗುತ್ತಾರೆ. ಟಂಟಂ ಆಟೊ ಹತ್ತುವಾಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರಲ್ಲಿ ಕೆಲವರಿಗೆ ನಾನೇ ಅಕ್ಷರ ತಿದ್ದಿಸಿದ್ದೆ.

ಆ ಶನಿವಾರ ಮನೆಗೆ ಬಂದ ಮೇಲೆ ನೆಗೆಣ್ಣಿ ದೀಪ ಹಾಕದೆ ಪಡಸಾಲೆಯಲ್ಲಿ ಕೂತಿದ್ದಳು. ನಾನು ಬಾಜು ಕೂತೆ.

"ನೀವು ಈಗ ಹೇಳಿದ್ದು ಖರೇ ಏನಕ್ಕಾ?"

"ಖರೇ."

"ಹಂಗಾದ್ರ ಈ ಕೂಸ ಯಾರ ಕೊಟ್ಟದ್ದು?"

"ದೇವರು."

"ನಾ ಸುಡದಿದ್ರೂ ಕೊಡ್ತಿದ್ನೇನು?"

"ಕೊಡೂದು ಬಿಡೂದು ಆತನ ಮನಸ್ಸು. ಸುಟ್ಟಿದ್ದಕ್ಕಂತೂ ಕೊಟ್ಟಿಲ್ಲ."

"ಹಂಗಾದ್ರ ನಾ ಅವತ್ತ ಏನಕ್ಕ ಅತ್ತೆ? ಯಾವ ಪಾಪಕ್ಕ?"

ಮಾಡದ ಪಾಪಕ್ಕೆ ಅಷ್ಟೊಂದು ಕಣ್ಣೀರು ಹಾಕಿದ್ದಳು. ಆ ಕಣ್ಣೀರಿನಲ್ಲೇ, ಅವಳಿಗೆ ತಿಳಿಯದಂತೆ, ನಿಜವಾದ ಒಂದು ತಪ್ಪೂ ನಡೆದುಹೋಗಿತ್ತು. ಆ ತಪ್ಪಿನ ಅರಿವಿಗೆ ಅವಳು ತಾನೇ ಬಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಗ್ವಾಡಿ ಆಚಿ ಆಕಿ ಹಂತ್ಯಾಕ ಹೋಗಬೇಕು. ಒಬ್ಬಾಕಿಗಿ ಆಗೂದಿಲ್ಲ. ನೀವೂ ಬರ್ರಿ," ಎಂದಳು. ನಮ್ಮ ಸಿದ್ಧತೆಯ ಆರಾಧನೆಯಲ್ಲಿ ಇಷ್ಟು ವರ್ಷ ನಾವು ನಮ್ಮ ನಮ್ಮವರ ಮುನಿಸನ್ನಷ್ಟೇ ಬಿಡಿಸಿಕೊಂಡಿದ್ದೆವು. ಸಭೆಯ ಹೊರಗಿನವರ ಮನೆಗೆ ಆ ಮಾತು ಹಿಡಿದು ಹೋದವರು ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ, ಮೊದಲ ಗಂಟೆ ಹೊಡೆಯುವ ಮುಂಚೆ, ಬೀದಿಯ ಕಡೆಯಿಂದ ಸುತ್ತಿ ಹೋದೆವು. ಗೋಡೆಯ ಮೇಲಿಂದ ಕೂಗಲು ಅವಳಿಗೆ ಮನಸ್ಸಾಗಲಿಲ್ಲ. ನೆರೆಯವಳು ಪಡಸಾಲೆಯಲ್ಲಿ ಬೀಸಲು ಕಳಿಸುವ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಎದ್ದು, ಚಾಪೆ ಹಾಸಿ, "ಬರ್ರಿ, ಕುಂದರ್ರಿ" ಎಂದಳು. ಸೊಸೆಗೆ ಚಹಾ ಇಡಲು ಹೇಳಿದಳು. ಎಲ್ಲವೂ ಚೆನ್ನಾಗಿತ್ತು, ಮೊದಲ ಸಲ ಮನೆಗೆ ಬಂದವರಿಗೆ ಮಾಡುವಷ್ಟು.

ನೆಗೆಣ್ಣಿ ಚಹಾದ ಕಪ್ಪನ್ನು ಕೆಳಗಿಟ್ಟಳು. "ನನ್ನಿಂದ ತಪ್ಪಾಗೇತಿ. ಹೊಟ್ಟಿಗಿ ಹಾಕ್ಕೋ."

"ಅಯ್ಯ, ಅದೇನ ದೊಡ್ಡ ಮಾತಲ್ಲ ಬಿಡ್ರಿ," ಎಂದಳು ಅವಳು. "ನಿಮ್ಮ ದೇವರು ನಿಮಗ ಕೊಟ್ಟಾನ. ಚಲೋ ಆತು. ಹುಡುಗಿ ಆರಾಮ ಅದಾಳೇನ್ರಿ?"

"ನೀ ಹಾಕಿದ ಉಡಿ ಪಾಪ ಅಲ್ಲ. ಅದನ್ನ ಪಾಪ ಅಂದದ್ದು ನಂದ ಪಾಪ," ಎಂದಳು ನೆಗೆಣ್ಣಿ. ಮುಂದೆ ಹೇಳಲಾಗದೆ ಅತ್ತಳು.

ನೆರೆಯವಳು ಜೋಳವನ್ನು ಮೊರದಲ್ಲಿ ಹರಡುತ್ತ ಕೂತಳು. ಆಮೇಲೆ ನನ್ನ ಕಡೆ ನೋಡಿದಳು. "ಅಕ್ಕೋರ, ನಿನ್ನಿ ನೀವು ಚರ್ಚಿನ್ಯಾಗ ಹೇಳಿದ್ದು ನಮ್ಮ ಹುಡುಗ ಓಣ್ಯಾಗ ಕೇಳ್ಕೊಂಡ ಬಂದ ಹೇಳಿದ. ಮೊದಲ ದಿನ ನಾ ಕಟ್ಟಿ ಮ್ಯಾಲ ಕುಂತ ಕೇಳಿದ್ದು ಅವರ ಮಾತಲ್ಲಂತ. ನೆರೆಯವರನ್ನ ಪ್ರೀತಿಸ್ರಿ ಅಂದದ್ದು, ಅದು ಯಾರದು ಹಂಗಾದ್ರ?"

"ಯೇಸುವಿನದು," ಎಂದೆ. "ಆ ಹೊತ್ತಿಗೆ ಹೇಳಿದ್ದು ನಾನು."

"ಚಲೋ ಇತ್ತು," ಎಂದಳು. "ಅದನ್ನ ನೀವ ನಿಮ್ಮ ಹೆಸರಲೇ ಹೇಳಬೇಕಿತ್ತು. ಇನ್ನೊಬ್ಬರ ಚೀಲದಾಗ ನಿಮ್ಮ ಕಾಳ ಹಾಕಿ ಮಾರಿದ್ರಿ."

ಅದರಲ್ಲಿ ಚುಚ್ಚು ಇರಲಿಲ್ಲ. ಸಂತೆಯಲ್ಲಿ ನಡೆದ ಒಂದು ತಪ್ಪನ್ನು ಹೇಳಿದ ಹಾಗೆ ಹೇಳಿ ಮತ್ತೆ ಜೋಳದ ಕಡೆ ತಿರುಗಿದಳು. ನಿಜಕ್ಕೂ, ನನ್ನಲ್ಲಿ ಸ್ವಸ್ಥ ಬೋಧನೆ ಇತ್ತು. ಅಪ್ಪ ಕಲಿಸಿದ್ದಿತ್ತು, ಇಷ್ಟು ವರ್ಷ ಓದಿದ್ದಿತ್ತು. ಹಿರಿಯರ ಮುಂದೆ ನಾನೇ ಎದ್ದು ಹೇಳುವ ಧೈರ್ಯ ಮಾತ್ರ ಎಂದೂ ಇರಲಿಲ್ಲ. ಅದಕ್ಕೇ ಇರಬೇಕು, ಬಿಳಿ ಅಂಗಿಯ ಒಬ್ಬರ ಬಾಜು ನಿಂತಾಗ ಅಷ್ಟು ಚೆಂದ ಹೊರಬಂದದ್ದು.

ಚರ್ಚಿನ ಗಂಟೆ ಹೊಡೆಯಿತು. ನಾನು ಎದ್ದೆ. ನೆಗೆಣ್ಣಿ ಏಳಲಿಲ್ಲ.

"ನೀವು ಹೋಗ್ರಿ ಅಕ್ಕಾ," ಎಂದಳು. "ನಾ ಇಲ್ಲೇ ಕುಂದರತೀನಿ."

"ಇವತ್ತ ಭೋಜನ ಐತಲ್ಲ," ಎಂದೆ.

"ಗೊತ್ತೈತಿ."

ನೆರೆಯವಳು ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನೆಗೆಣ್ಣಿ ಚಾಪೆಯಿಂದ ಸರಿದು ಜೋಳದ ರಾಶಿಯ ಬಳಿ ಕೂತು ಹರಳು ಆರಿಸತೊಡಗಿದಳು. ಅವಳ ಕಣ್ಣು ಈಗ ಮೊದಲಿನಷ್ಟು ಚುರುಕಿಲ್ಲ. ಹರಳಿನ ಜೊತೆ ಒಂದೊಂದು ಕಾಳೂ ಹೋಗುತ್ತಿತ್ತು. ನೆರೆಯವಳು ಅದನ್ನು ನೋಡುತ್ತಲೇ ಇದ್ದಳು, ಏನೂ ಅನ್ನಲಿಲ್ಲ. ಹಿಂದೆ ಆಗಿದ್ದರೆ, ಕಣ್ಣ ಎಲ್ಲಿ ಇಟ್ಟೀ ಬೇ ಎಂದು ಕೈಯ ಮೇಲೆ ಹೊಡೆಯುತ್ತಿದ್ದಳು.

ನಾನೊಬ್ಬಳೇ ಚರ್ಚಿಗೆ ಹೋದೆ. ಜಮಖಾನೆಯ ಮೇಲೆ ಬಹಳ ಜಾಗ ಖಾಲಿಯಿತ್ತು. ಸಭಾಪಾಲಕರು ರೊಟ್ಟಿ ಹಿಡಿದು ನನ್ನ ಮುಂದೆ ಬಂದು ನಿಂತಾಗ ಅಂಗೈ ಚಾಚಿದೆ. ಕ್ಷಮೆ ಸಿಕ್ಕಿದೆ ಎಂದು ನನಗೆ ಗೊತ್ತಿತ್ತು. ಅದರಲ್ಲಿ ಅನುಮಾನ ಪಡುವಷ್ಟು ಕೆಟ್ಟ ಬೋಧನೆಯನ್ನು ನಾನು ಇನ್ನೂ ಕಲಿತಿಲ್ಲ. ಆದರೂ ಆ ತುಣುಕನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗಲಾಗಲಿಲ್ಲ. ಅಲ್ಲಿ ಆ ಪಡಸಾಲೆಯಲ್ಲಿ ಇಬ್ಬರು ಮುದುಕಿಯರು ಮಾತಿಲ್ಲದೆ ಕಾಳು ಆರಿಸುತ್ತಿರುವುದೇ ಕಣ್ಣ ಮುಂದಿತ್ತು.